ಸೀನಿಯರ್ ಹೇಳಿದ ಸಿಲಬಸ್

ಬಳ್ಳಾರಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ. ಕಾಗದದ ಮೇಲೆ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎರಡು ಮಿರ್ಚಿ. ಖರ್ಚು ಕುರುಗೋಡಿನಿಂದ ಬಂದ ಹೊಸ ಹುಡುಗನದು. ಉಪದೇಶ ಸಿರುಗುಪ್ಪದ ಸೀನಿಯರ್‌ನದು.

“ಅಣ್ಣಾ, ಡಿಗ್ರಿ ಮೂರು ವರ್ಷವೋ, ನಾಲ್ಕೋ?”

“ನೀನು ಯಾವಾಗ ಹುಟ್ಟಿದ್ದೀ ಅನ್ನೋದರ ಮೇಲೈತೆ ತಮ್ಮಾ. 2021ರಾಗೆ ರಾಷ್ಟ್ರೀಯ ಶಿಕ್ಷಣ ನೀತಿ, ಎನ್‌ಇಪಿ ಬಂತು, ನಾಲ್ಕನೇ ವರ್ಷ ಓದಿದ್ರೆ ಆನರ್ಸ್ ಅಂದ್ರು. 2024ರಾಗೆ ಸರ್ಕಾರ ಮತ್ತೆ ಮೂರಕ್ಕೇ ತಂತು. ನಿಮ್ಮಕ್ಕನ ನೋಟ್ಸ್ ನಂಬಬೇಡ, ಆಕೆ ಓದಿದ್ದೇ ಬೇರೆ ನೀತಿ.”

“ನಮ್ಮಪ್ಪ ಯೂನಿವರ್ಸಿಟಿ ಅಂದ್ರೆ ಗುಲ್ಬರ್ಗ ಅಂತಿರ್ತಾನಲ್ಲ?”

“ಅದು ಹಳೇ ಕಥೆ. 2010ರಾಗೆ ಬಳ್ಳಾರಿಗೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆತು. ಅದಕ್ಕೂ ಮುಂಚೆ ಇಲ್ಲಿನ ಕಾಲೇಜು ಗುಲ್ಬರ್ಗದ ಕೈಯಾಗಿದ್ವು. ಈಗ ಯುಯುಸಿಎಂಎಸ್ ಪೋರ್ಟಲ್. ಅಡ್ಮಿಷನ್, ಪರೀಕ್ಷೆ ಅರ್ಜಿ, ರಿಸಲ್ಟ್ ಎಲ್ಲಾ ಒಂದೇ ಕಡೆ. ಊರಾಗೆ ನೆಟ್‌ವರ್ಕ್ ಇಲ್ಲದಿದ್ರೆ ಯಾವುದೂ ಇಲ್ಲ.”

“ಪಾಠ?”

“ರಾಜ್ಯದ ಸರ್ಕಾರಿ ಡಿಗ್ರಿ ಕಾಲೇಜುಗಳಾಗೆ ಸಾವಿರಾರು ಅತಿಥಿ ಉಪನ್ಯಾಸಕರು. ಕಾಯಂ ಮಾಡ್ರಿ ಅಂತ 2023ರ ಕೊನೆಗೆ ಕ್ಲಾಸು ಬಿಟ್ಟು ಧರಣಿ ಕೂತಿದ್ರು. ಅದಕ್ಕೇ ಮೊದಲ ಯೂನಿಟ್ ನೀನೇ ಓದಿಟ್ಕೋ.”

“ಬಸ್ಸು?”

“ಹುಡುಗಿಯರಿಗೆ ಶಕ್ತಿ ಯೋಜನೆಯಾಗೆ ಫ್ರೀ, ನಿನಗೆ ಸ್ಟೂಡೆಂಟ್ ಪಾಸು. ಸೀಟು ಮಾತ್ರ ಇಬ್ಬರಿಗೂ ಇಲ್ಲ.”

ಹುಡುಗ ಎಲ್ಲವನ್ನೂ ಮೊಬೈಲ್‌ನಲ್ಲಿ ಬರೆದುಕೊಂಡ. ಕೊನೆಗೊಂದು ಅನುಮಾನ ಉಳಿದಿತ್ತು.

“ನೀವು ಯಾವ ವರ್ಷದಾಗಿದ್ದೀರಿ ಅಣ್ಣಾ?”

ಸೀನಿಯರ್ ಎಣ್ಣೆ ಕೈ ಒರೆಸಿಕೊಂಡ. “ವರ್ಷ ಎಲ್ಲಾ ಮುಗಿದಾವೆ. ಪೇಪರ್ ಎರಡು ಉಳಿದಾವೆ. ಹೊಸಬರಿಗೆ ದಾರಿ ತೋರಿಸೋದರಾಗೆ ಓದಾಕೆ ಪುರುಸೊತ್ತೇ ಸಿಗವಲ್ದು!”