ಅಗ್ರಪೂಜೆ ಯಾರಿಗೆ?

ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೆದ್ದು, ಭೀಷ್ಮರು ಕೃಷ್ಣನ ಹೆಸರನ್ನು ಸೂಚಿಸಿ, ಶಿಶುಪಾಲನು ಅದಕ್ಕೆ ಅಡ್ಡಬಂದು, ಕಡೆಗೆ ಆ ಸಭೆಯು ಒಂದು ಶಿರಶ್ಛೇದದೊಡನೆ ಮುಗಿಯಿತೆಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿ ಬಲ್ಲೆವು. ನಮ್ಮ ಕಚೇರಿಯ ಎರಡನೆಯ ಮಹಡಿಯಲ್ಲಿ ಸೇರಿದ್ದ ಸಭೆಯ ಮುಂದಿದ್ದ ಪ್ರಶ್ನೆಯೂ ಅದೇ ಜಾತಿಯದು. ಆದರೆ ಅಲ್ಲಿ ಪ್ರಕಟವಾದ ವಿನಯವನ್ನು ಕಂಡಿದ್ದರೆ ವ್ಯಾಸರು ಸಭಾಪರ್ವವನ್ನು ಬೇರೊಂದು ರೀತಿಯಲ್ಲಿ ಬರೆಯುತ್ತಿದ್ದರೋ ಏನೋ. ಪ್ರತಿಯೊಂದು ವಿಭಾಗದವರೂ ‘ನಮ್ಮದೇನು ಅವಸರ, ಮೊದಲಿನ ಮರ್ಯಾದೆ ತಮಗೇ ಸಲ್ಲಲಿ’ ಎಂದು ಪಕ್ಕದ ವಿಭಾಗದವರ ಕಡೆಗೆ ಕೈ ತೋರುತ್ತಿದ್ದರು. ನೆಲಮಾಳಿಗೆಯ ತಣ್ಣನೆಯ ಕೊಠಡಿಯಲ್ಲಿ ಹಗಲಿರುಳೂ ಗುಂಯ್‌ಗುಡುತ್ತಿರುವ ನಮ್ಮ ಸರ್ವರುಗಳ ಪೈಕಿ ಯಾವುದನ್ನು ಮೊದಲು ಕಂಟೇನರಿಗೆ ಸ್ಥಳಾಂತರಿಸತಕ್ಕದ್ದೆಂಬುದೇ ಆ ದಿನದ ವಿಚಾರ.

ಕಂಟೇನರ್ ಎಂದೊಡನೆ ಹಡಗಿನ ಮೇಲೆ ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಪೆಟ್ಟಿಗೆಗಳು ಓದುಗರ ಕಣ್ಣಿಗೆ ಕಟ್ಟಿದರೆ ತಪ್ಪೇನೂ ಇಲ್ಲ. ಹೆಸರು ಬಂದದ್ದು ಅಲ್ಲಿಂದಲೇ. ಲಾರಿ ಸಾಗಣೆಯಲ್ಲಿ ಹಣ ಮಾಡಿದ್ದ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕನ್ನನು 1956ರ ಏಪ್ರಿಲ್ 26ರಂದು ಅಂಥ 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲಿರಿಸಿ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದಂದಿನಿಂದ, ಒಳಗೆ ಬಾಳೆಹಣ್ಣಿದೆಯೋ ಬಂದೂಕಿದೆಯೋ ಎಂದು ಕೇಳುವ ಅಗತ್ಯ ಹಮಾಲಿಗಳಿಗೆ ಇಲ್ಲದಂತಾಯಿತು. ಗಣಕಯಂತ್ರದಲ್ಲಿಯೂ ಇದೇ ಯುಕ್ತಿ. ಒಂದು ಕಾರ್ಯಕ್ರಮವನ್ನು ಯಂತ್ರದ ಒಂದು ಮೂಲೆಯಲ್ಲಿ ಕೂಡಿಹಾಕಿ ‘ಇದೇ ನಿನ್ನ ಜಗತ್ತು’ ಎಂದು ನಂಬಿಸುವ ಕಲೆ 1979ರ ಯೂನಿಕ್ಸಿನಲ್ಲಿಯೇ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿಯವರು ಅದನ್ನು ಇನ್ನಷ್ಟು ಬಿಗಿಮಾಡಿ, ಯಾವ ಸಂಕೋಚವೂ ಇಲ್ಲದೆ ‘ಜೈಲು’ ಎಂದೇ ಹೆಸರಿಟ್ಟರು. ಇಂತಿಷ್ಟೇ ಮೆಮೊರಿ, ಇಂತಿಷ್ಟೇ ಪ್ರೊಸೆಸರ್ ಎಂದು ಪಡಿತರ ಹಂಚುವ ವ್ಯವಸ್ಥೆ 2008ರಲ್ಲಿ ಲಿನಕ್ಸಿನೊಳಕ್ಕೆ ಬಂತು. ಇವೆಲ್ಲವನ್ನೂ ಸಾಮಾನ್ಯರ ಕೈಗೆಟಕುವಂತೆ ಮಾಡಿದ ಡಾಕರನ್ನು ಸಾಲೊಮನ್ ಹೈಕ್ಸ್ ಎಂಬಾತನು 2013ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಪೈಥಾನ್ ಸಮ್ಮೇಳನದಲ್ಲಿ ಲೋಕಕ್ಕೆ ತೋರಿಸಿದ್ದು ಐದು ನಿಮಿಷಗಳ ಒಂದು ಭಾಷಣದಲ್ಲಿ. ಆ ಐದು ನಿಮಿಷಗಳ ಪರಿಣಾಮವಾಗಿ ಲೋಕದ ಕಚೇರಿಗಳೆಲ್ಲ ಇಂದಿಗೂ ಸಭೆ ಸೇರುತ್ತಲೇ ಇವೆ.

ಕಂಟೇನರಿನ ಸ್ವಭಾವದ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಯಂತ್ರದೊಳಗೆ ಇನ್ನೊಂದು ಯಂತ್ರದಂತೆ ನಡೆಯುವ ವರ್ಚುವಲ್ ಮೆಷಿನ್ನಿಗೆ ತನ್ನದೇ ಆದ ಕರ್ನಲ್, ಎಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಉಂಟು; ಕಂಟೇನರಿಗೆ ಇಲ್ಲ, ಅದು ಆಶ್ರಯವಿತ್ತ ಯಂತ್ರದ ಕರ್ನಲನ್ನೇ ಹಂಚಿಕೊಂಡು ಬದುಕುತ್ತದೆ. ಆದಕಾರಣ ಅದು ಹಗುರ. ಕ್ಷಣಾರ್ಧದಲ್ಲಿ ಹುಟ್ಟುತ್ತದೆ, ಕ್ಷಣಾರ್ಧದಲ್ಲಿ ಅಳಿಯುತ್ತದೆ, ಅಳಿಯುವಾಗ ತನ್ನೊಳಗೆ ಬರೆದುಕೊಂಡಿದ್ದೆಲ್ಲವನ್ನೂ ಜತೆಗೇ ಕೊಂಡೊಯ್ಯುತ್ತದೆ. ಉಳಿಯಬೇಕಾದದ್ದನ್ನು ಹೊರಗೆ ಬೇರೆಡೆ ಇಟ್ಟಿರಬೇಕು. ಇಂಥ ಪರಮ ವಿರಾಗಿಯ ಕೈಗೆ ಹಳೆಯ ಗೃಹಸ್ಥ ಸರ್ವರುಗಳನ್ನು ಒಪ್ಪಿಸಲು ನಾವು ಹೊರಟದ್ದು ಆಧುನಿಕತೆಯ ಮೋಹದಿಂದಲ್ಲ. ಅವುಗಳಲ್ಲಿ ಬಹುಪಾಲು ನಡೆಯುತ್ತಿದ್ದುದು ಸೆಂಟ್‌ಓಎಸ್ 7 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅದರ ಆಯುಷ್ಯ 2024ರ ಜೂನ್ 30ಕ್ಕೆ ತೀರಿಹೋಗಿತ್ತು.

ನಮ್ಮ ಸರ್ವರುಗಳಿಗೆ ನದಿಗಳ ಹೆಸರು. ನಾಮಕರಣ ಮಾಡಿದ ಪುಣ್ಯಾತ್ಮನು ಯಾರೋ ತಿಳಿಯದು. ಭವಿಷ್ಯವನ್ನು ಬಲ್ಲವನಾಗಿದ್ದನೆಂಬುದು ಮಾತ್ರ ನಿಶ್ಚಯ. ಸಂಬಳದ ಡೇಟಾಬೇಸು ಕಾವೇರಿ. ದಿನದಿನದ ಹಾಜರಿಯನ್ನು ಹೊತ್ತು ತಂದು ಅದಕ್ಕೆ ಸುರಿಯುವುದು ಹೇಮಾವತಿ. ವೆಬ್‌ಸೈಟಿನ ಪುಟಗಳನ್ನು ಹೊರಲೋಕಕ್ಕೆ ಬೆಳಗಿ ತೋರುವುದು ಶರಾವತಿ. ಸುತ್ತೋಲೆ, ಸಂಬಳದ ಚೀಟಿ ಮುಂತಾದವನ್ನು ಪಿಡಿಎಫ್ ಮಾಡಿಕೊಡುವುದು ನೇತ್ರಾವತಿ. ಯಂತ್ರಗಳು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡ ಮಾತುಗಳಿಗೆ ಲಾಗುಗಳೆನ್ನುತ್ತಾರಷ್ಟೆ. ಇಡೀ ಕಚೇರಿಯ ಲಾಗುಗಳು ಹರಿದು ಬಂದು ಸೇರುವ ಸರ್ವರಿಗೆ ವೃಷಭಾವತಿಯೆಂದು ಹೆಸರು. ಬೆಂಗಳೂರಿನವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಇನ್ನುಳಿದದ್ದು ಅರ್ಕಾವತಿ. ಅದು ಏನು ಮಾಡುತ್ತದೆ, ಮಾಡುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅದರ ಪಾಸ್‌ವರ್ಡನ್ನು ಬಲ್ಲ ಮಹನೀಯರು ನಿವೃತ್ತರಾಗಿ ಊರು ಸೇರಿದ್ದರು. ಅದರ ಬೆನ್ನಿಗೆ ಸಿಕ್ಕಿಸಿದ್ದ, ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಲೈಸೆನ್ಸ್ ಕೀಲಿಯ ಮೇಲೆ ‘ತೆಗೆಯಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅಂಟಿಸಲಾಗಿತ್ತು. ಅದನ್ನು ಬರೆದವರ ಭಯವು ನಮಗೂ ಪಿತ್ರಾರ್ಜಿತವಾಗಿ ಬಂದಿತ್ತು.

ಸಭೆಯಲ್ಲಿ ಮೊದಲು ಮಾತೆತ್ತಿದವನು ಹೊಸದಾಗಿ ಸೇರಿದ ತರುಣ. ಆತನು ಪರದೆಯ ಮೇಲೆ ಚೌಕಗಳನ್ನೂ ಬಾಣಗಳನ್ನೂ ಮೂಡಿಸಿ, ಡೇಟಾಬೇಸೂ ಸೇರಿದಂತೆ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ, ಕಂಟೇನರುಗಳ ಮೇಸ್ತ್ರಿಯಾದ ಕುಬರ್ನೆಟಿಸಿನ ಮಡಿಲಿಗೆ ಹಾಕಬಹುದೆಂದು ಸಾಧಿಸಿದನು. ಲೆಕ್ಕಪತ್ರ ವಿಭಾಗದ ಮೇಡಂ ಅವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಯಾವ ವಾರಾಂತ್ಯಪ್ಪಾ? ಸಂಬಳ ಆಗೋ ವಾರಾಂತ್ಯವೇ?” ಎಂದು ಕೇಳಿದ ರೀತಿಯಿಂದಲೇ ಆ ಪ್ರಸ್ತಾಪ ಅಂತ್ಯ ಕಂಡಿತು. ಅನಂತರ ಆತನು ಶಾಸ್ತ್ರವನ್ನು ಮುಂದಿಟ್ಟನು: ತನ್ನೊಳಗೆ ಏನನ್ನೂ ಕೂಡಿಡದ, ಅನ್ಯರನ್ನು ಹೆಚ್ಚಾಗಿ ಅವಲಂಬಿಸದ, ಹೇಗೆ ಕಟ್ಟಿದ್ದೆಂಬುದಕ್ಕೆ ಬರವಣಿಗೆಯ ಆಧಾರವಿರುವ ಸರ್ವರು ಮೊದಲು ಹೋಗತಕ್ಕದ್ದು. ಶಾಸ್ತ್ರವೇನೋ ನಿರ್ದುಷ್ಟವಾದದ್ದೇ. ಆದರೆ ಮೂರನೆಯ ಲಕ್ಷಣವನ್ನು ಹೇಳಿದೊಡನೆ ಮೇಜಿನ ಸುತ್ತಲೂ ಕವಿದ ಮೌನದಿಂದ, ಅಂಥ ಆಧಾರ ನಮ್ಮಲ್ಲಿ ಯಾವ ನದಿಗೂ ಇಲ್ಲವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ವರ್ಷಗಳ ಕಾಲ ಯಾರು ಯಾರೋ ಬಂದು, ಆಯಾ ಹೊತ್ತಿನ ಆಪತ್ತಿಗೆ ತಕ್ಕಂತೆ ಇಲ್ಲೊಂದು ಸಾಲು ಅಲ್ಲೊಂದು ಫೈಲು ಸೇರಿಸಿ ಹೋಗಿದ್ದರು. ಹೇಮಾವತಿಯ ಒಳಹೊಕ್ಕು ನೋಡಿದರೆ ಕಾವೇರಿಯ ಐಪಿ ವಿಳಾಸವನ್ನು ಹೆಸರಿನ ಮೂಲಕವಲ್ಲ, ಅಂಕಿಗಳಲ್ಲಿಯೇ, ಅದೂ ಒಂದಕ್ಕಿಂತ ಹೆಚ್ಚು ಕಡೆ ಕೆತ್ತಿಟ್ಟಿದ್ದರು. ಒಂದನ್ನು ಕದಲಿಸಿದರೆ ಇನ್ನೊಂದು ಹಾಜರಿಯ ಹೊರೆಯನ್ನು ಹೊತ್ತು ಬರಿದಾದ ಬಾಗಿಲನ್ನು ತಟ್ಟುತ್ತ ನಿಲ್ಲುವುದೆಂಬುದರಲ್ಲಿ ಸಂದೇಹವಿರಲಿಲ್ಲ.

ಆಗ ಸರ್ವರುಗಳ ಉಸ್ತುವಾರಿಯನ್ನು ಬಹುಕಾಲದಿಂದ ನೋಡಿಕೊಂಡು ಬಂದ ಹಿರಿಯರು, ಕಾಫಿಯ ಕಡೆಯ ಗುಟುಕನ್ನು ಮುಗಿಸಿ ಲೋಟವನ್ನು ಬದಿಗಿಟ್ಟು, ತಮ್ಮ ಸೂತ್ರವನ್ನು ಹೇಳಿದರು. “ನೋಡಿ ಸ್ವಾಮಿ, ಶನಿವಾರ ರಾತ್ರಿ ಒಂದೊಂದಾಗಿ ಆರಿಸೋಣ. ಸೋಮವಾರ ಬೆಳಿಗ್ಗೆ ಹತ್ತು ಜನ ಫೋನ್ ಮಾಡಿದರೆ ಅದು ಕೊನೆಗೆ. ಒಬ್ಬರೂ ಮಾಡದಿದ್ದರೆ ಅದಕ್ಕೆ ಕಂಟೇನರ್ ಯಾಕೆ, ಗುಜರಿಗೆ ಹಾಕಿ. ಒಬ್ಬರೇ ಒಬ್ಬರು ಮಾಡಿದರೆ, ಆ ಒಬ್ಬರು ಒಳ್ಳೆಯವರಾಗಿದ್ದರೆ, ಅದು ಮೊದಲು ಹೋಗಲಿ.”

ಸರ್ವರಿನ ಗುಣದ ಜತೆಗೆ ಅದರ ಬಳಕೆದಾರನ ಗುಣವನ್ನೂ ಪರಿಗಣಿಸಿದ ಈ ಸೂತ್ರದಲ್ಲಿ, ತರುಣನ ಚೌಕಬಾಣಗಳಲ್ಲಿ ಕಾಣದ ಒಂದು ವಿವೇಕ ನನಗೆ ಕಂಡಿತು. ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದಕ್ಕೆ ಬೇಕಾದದ್ದು ಸಮಯ, ಆ ಸಮಯವನ್ನು ದಯಪಾಲಿಸುವವರು ಮನುಷ್ಯರು.

ಸೂತ್ರದ ಪ್ರಥಮ ಪ್ರಯೋಗ ಅರ್ಕಾವತಿಯ ಮೇಲಾಯಿತು. ಕೆಂಪು ಶಾಯಿಯ ಚೀಟಿಗೆ ಗೌರವವಿತ್ತು ಕೀಲಿಯನ್ನು ಮುಟ್ಟದೆ, ಜನವರಿಯಲ್ಲಿ ನೆಟ್‌ವರ್ಕಿನ ತಂತಿಯನ್ನಷ್ಟೇ ಕಿತ್ತರು. ಸೋಮವಾರ ಯಾರೂ ಫೋನ್ ಮಾಡಲಿಲ್ಲ. ಫೆಬ್ರವರಿ ಕಳೆಯಿತು, ಗುಜರಿಯವನನ್ನು ಕರೆಸುವ ಮಾತೂ ಬಂತು. ಮಾರ್ಚ್ ಮುಗಿಯುವ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಮೇಡಂ ಅವರು ಫೋನ್ ಮಾಡದೆ ಸ್ವತಃ ನೆಲಮಾಳಿಗೆಗೇ ಇಳಿದು ಬಂದು, ಆಸ್ತಿಗಳ ಸವಕಳಿಯ ಲೆಕ್ಕ ಎಲ್ಲಿ ಎಂದು ಕೇಳಿದರು. ವರ್ಷವಿಡೀ ಮೌನವಾಗಿದ್ದು ಆರ್ಥಿಕ ವರ್ಷಾಂತ್ಯದಲ್ಲೊಮ್ಮೆ ಬಾಯಿ ಬಿಡುವುದೇ ಅರ್ಕಾವತಿಯ ಕಾಯಕವಾಗಿತ್ತು. ಹಿರಿಯರು ತಂತಿಯನ್ನು ಸಿಕ್ಕಿಸಿ, ಆ ಕ್ಷಣದಲ್ಲೇ ತಮ್ಮ ಸೂತ್ರಕ್ಕೆ ಒಂದು ವಾರ್ತಿಕವನ್ನೂ ಸೇರಿಸಿದರು: ಫೋನಿಗಾಗಿ ಒಂದು ಸೋಮವಾರ ಕಾದರೆ ಸಾಲದು, ಒಂದು ಮಾರ್ಚ್ 31 ಕಳೆಯಬೇಕು.

ಇಷ್ಟರಲ್ಲಿ ಮೇಲಿನವರಿಂದ ಒತ್ತಾಯ ಆರಂಭವಾಗಿತ್ತು. ವರ್ಷ ಮುಗಿಯುವುದರೊಳಗೆ ಸ್ಥಳಾಂತರ ಆರಂಭವಾಗಿದೆಯೆಂದು ವರದಿಯಲ್ಲಿ ಕಾಣಿಸಬೇಕು. ಮುಗಿಯುವುದು ಬೇಡ, ಆರಂಭವಾದರೆ ಸಾಕು. ನಮ್ಮ ಹಿಂದಿನವರು ಪ್ರಯಾಣಕ್ಕೆ ಒಳ್ಳೆಯ ಮುಹೂರ್ತವಿದ್ದು ತಾವು ಹೊರಡಲಾಗದಿದ್ದಾಗ, ಒಂದು ವಸ್ತ್ರದಲ್ಲಿ ಅಕ್ಕಿ, ಅರಿಶಿನದ ಕೊಂಬು, ಒಂದು ನಾಣ್ಯ ಕಟ್ಟಿ ನೆರೆಮನೆಯಲ್ಲಿಟ್ಟು ಬಂದು, ಹೊರಟಂತೆಯೇ ಆಯಿತೆಂದು ನೆಮ್ಮದಿಯಿಂದಿರುತ್ತಿದ್ದರು. ಅದಕ್ಕೆ ಪರಸ್ಥಾನವೆಂದು ಹೆಸರು. ನಮಗೂ ಬೇಕಾಗಿದ್ದುದು ಒಂದು ಪರಸ್ಥಾನ. ತರುಣನು ಶರಾವತಿಯೆಂದನು. ಶಾಸ್ತ್ರೋಕ್ತವಾಗಿ ಆತನ ಮಾತು ಸರಿ: ಬರಿಯ ಪುಟಗಳನ್ನು ಬಡಿಸುವ ಸರ್ವರು, ಅರ್ಧ ದಿನದ ಕೆಲಸ. ಹಿರಿಯರು ನೇತ್ರಾವತಿಯೆಂದರು, ನನ್ನ ಮತವೂ ಅತ್ತಲೇ ಬಿತ್ತು. ಅತ್ಯಂತ ಸುಲಭವಾದದ್ದನ್ನು ಮೊದಲು ಮಾಡಿದರೆ ಚಪ್ಪಾಳೆ ದೊರೆಯುತ್ತದೆಯೇ ಹೊರತು ವಿದ್ಯೆ ದೊರೆಯುವುದಿಲ್ಲ. ಆ ಚಪ್ಪಾಳೆಯನ್ನು ನೆಚ್ಚಿ ಎರಡನೆಯದಾಗಿ ಕಾವೇರಿಗೇ ಕೈ ಹಾಕುವ ಧೈರ್ಯ ಬಂದುಬಿಡುವುದೆಂಬ ಭಯವೂ ಉಂಟು. ನೇತ್ರಾವತಿಯು ಮಾಹಿತಿಯನ್ನು ಪಡೆದು ಪಿಡಿಎಫ್ ಕೊಟ್ಟು ಕೈ ತೊಳೆದುಕೊಳ್ಳುವ ಸರ್ವರು, ಏನನ್ನೂ ಕೂಡಿಡದು. ಆದರೂ ಒಳಗೆ ತಕ್ಕಮಟ್ಟಿನ ಸಿಕ್ಕುಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಅದು ಕೆಟ್ಟರೆ ಫೋನ್ ಮಾಡುವವರು ಸುತ್ತೋಲೆ ವಿಭಾಗದ ಅಧಿಕಾರಿಯೊಬ್ಬರೇ, ಮತ್ತು ಅವರು ಸಾಧುಸ್ವಭಾವದವರು.

ಆ ಸಾಧುಸ್ವಭಾವದ ಪರೀಕ್ಷೆ ಬೇಗನೆ ನಡೆಯಿತು. ತರುಣನು ಮೊದಲು ಕಟ್ಟಿದ ಇಮೇಜು, ಎಂದರೆ ಕಂಟೇನರು ಹುಟ್ಟುವ ಅಚ್ಚು, ಆನೆಗಾತ್ರದ್ದಾಗಿತ್ತು. ಅದನ್ನು ಇಳಿಸುವ ಉತ್ಸಾಹದಲ್ಲಿ ಬೇಡವೆಂದು ತೋರಿದ್ದನ್ನೆಲ್ಲ ಕಿತ್ತೊಗೆದನು. ಹಾಗೆ ಹೋದವುಗಳಲ್ಲಿ ಕನ್ನಡದ ಫಾಂಟೂ ಒಂದು. ಹಳೆಯ ಯಂತ್ರದಲ್ಲಿ ಅದನ್ನು ಯಾರೋ ಎಂದೋ ಹಾಕಿದ್ದರಾದ್ದರಿಂದ, ಅದು ಅಲ್ಲಿದೆಯೆಂಬುದೇ ಯಾರಿಗೂ ತಿಳಿದಿರಲಿಲ್ಲ. ಅಂದಿನ ಸುತ್ತೋಲೆ ಆದ್ಯಂತವಾಗಿ ಸಾಲುಸಾಲು ಪುಟ್ಟ ಚೌಕಗಳಾಗಿ ಹೊರಬಂತು. ಅಧಿಕಾರಿಗಳು ಫೋನ್ ಮಾಡಿ, “ಇದು ಗೌಪ್ಯ ಸುತ್ತೋಲೆಯೇ ಸಾರ್?” ಎಂದು ಮೃದುವಾಗಿ ವಿಚಾರಿಸಿದರು. ನೋಟೊ ಫಾಂಟನ್ನು ಸೇರಿಸಿದ ಮೇಲೆ ಅಕ್ಷರಗಳೇನೋ ಮೂಡಿದವು. ಆದರೆ ಅವುಗಳನ್ನು ಹೊಂದಿಸಿ ಕೂರಿಸುವ ಹಾರ್ಫ್‌ಬಜ್ ಎಂಬ ಲೈಬ್ರರಿಯೂ ಅದೇ ಉತ್ಸಾಹದಲ್ಲಿ ಹೋಗಿತ್ತಾದಕಾರಣ, ‘ಮುಖ್ಯ ಲೆಕ್ಕಾಧಿಕಾರಿ’ಗಳು ‘ಮುಖ್‌ಯ ಲೆಕ್‌ಕಾಧಿಕಾರಿ’ಗಳಾಗಿ, ಒತ್ತಕ್ಷರಗಳೆಲ್ಲ ಪಂಕ್ತಿಯ ಮೇಲೆ ಸರಿಸಮಾನವಾಗಿ ಎದ್ದು ಕುಳಿತವು. ಅದೂ ನೇರ್ಪಟ್ಟ ಬಳಿಕ ಕಾಲದ ತಕರಾರು. ಬೇರೆ ಹೇಳದ ಹೊರತು ಕಂಟೇನರು ಜಾಗತಿಕ ಕಾಲಮಾನವನ್ನೇ ಅನುಸರಿಸುತ್ತದೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಆದ್ದರಿಂದ ತಿಂಗಳ ಮೊದಲ ದಿನ ಬೆಳಗಿನ ಜಾವ ನಾಲ್ಕಕ್ಕೆ ಸಿದ್ಧವಾಗುವ ಸುತ್ತೋಲೆಯು ಕಳೆದ ತಿಂಗಳ ಕಡೆಯ ದಿನಾಂಕವನ್ನು ಧರಿಸಿ ಬಂದು, ಇಂದಿನಿಂದ ಜಾರಿಗೆ ಬರುವ ನಿಯಮಕ್ಕೆ ನಿನ್ನೆಯಿಂದಲೇ ಬಾಧ್ಯರೆಂದು ನಮ್ಮನ್ನು ಎಚ್ಚರಿಸಿತು.

ಸಂಬಳದ ಚೀಟಿಗಳ ದಿನ ಇನ್ನೊಂದು. ಚೀಟಿಗಳೆಲ್ಲ ಒಟ್ಟಿಗೆ ಮುಗಿಬಿದ್ದಾಗ ಕಂಟೇನರು ತನ್ನ ಪಾಲಿನ ಮೆಮೊರಿಯನ್ನು ಮೀರಿತು; ಮೀರಿದೊಡನೆ ಕರ್ನಲ್ ಯಾವ ಎಚ್ಚರಿಕೆಯನ್ನೂ ಕೊಡದೆ ಅದನ್ನು ಮುಗಿಸಿ, ‘137’ ಎಂಬ ಮೂರು ಅಂಕಿಗಳ ಮರಣಪತ್ರವನ್ನು ಬಿಟ್ಟು ಹೋಯಿತು. ನೂರಿಪ್ಪತ್ತೆಂಟಕ್ಕೆ ಒಂಬತ್ತು ಸೇರಿಸಿದರೆ ಬರುವ ಸಂಖ್ಯೆ ಅದು. ಒಂಬತ್ತನೆಯದು ಯೂನಿಕ್ಸಿನಲ್ಲಿ ಯಾವ ಕಾರ್ಯಕ್ರಮವೂ ಧಿಕ್ಕರಿಸಲಾಗದ ಸಂಹಾರದ ಸಂಜ್ಞೆ. ಹಳೆಯ ಯಂತ್ರದಲ್ಲಿ ಇದೇ ನೇತ್ರಾವತಿಯು ಬೇಕೆಂದಷ್ಟು ಮೆಮೊರಿಯನ್ನು ನುಂಗುತ್ತಿದ್ದರೂ ಕೇಳುವವರಿರಲಿಲ್ಲ. ಅದರ ಹಸಿವೆಷ್ಟೆಂಬುದು ಪಡಿತರ ಗೊತ್ತುಮಾಡಿದ ಮೇಲೆಯೇ ತಿಳಿದುಬಂತು.

ಈ ಒಂದೊಂದು ಅವಾಂತರವೂ ಕಾವೇರಿಯ ಹೊಟ್ಟೆಯಲ್ಲಿ ಇನ್ನೂ ದೊಡ್ಡದಾಗಿ ಕಾದು ಕುಳಿತಿತ್ತು. ದಿನಾಂಕ ಐದೂವರೆ ಗಂಟೆ ಹಿಂದೆ ಬಿದ್ದದ್ದು ಸುತ್ತೋಲೆಯ ಬದಲು ಸಂಬಳದಲ್ಲಾಗಿದ್ದರೆ, 137 ಬಂದದ್ದು ಪಿಡಿಎಫ್ ಬರೆಯುವಾಗಲ್ಲದೆ ಲೆಡ್ಜರಿನಲ್ಲಿ ಬರೆಯುವಾಗ ಬಂದಿದ್ದರೆ, ಕೆಳಗಿಳಿದು ಬರುತ್ತಿದ್ದವರು ಮೇಡಂ ಅವರೊಬ್ಬರೇ ಆಗಿರುತ್ತಿರಲಿಲ್ಲ. ಇವನ್ನೆಲ್ಲ ನಾವು ಕಲಿತದ್ದು ಒಬ್ಬ ಸಜ್ಜನರ ಕೆಲವು ಸುತ್ತೋಲೆಗಳ ಖರ್ಚಿನಲ್ಲಿ. ಆದುದರಿಂದ ಹಿರಿಯರ ಆಯ್ಕೆಯೇ ಯುಕ್ತವಾದದ್ದೆಂದು ನನ್ನ ತೀರ್ಪು. ತರುಣನೂ ಈಗ ಅದನ್ನು ಒಪ್ಪುತ್ತಾನೆ. ಇಮೇಜನ್ನು ಕಟ್ಟುವ ವಿಧಿಯನ್ನು ಆತನು ಬರೆದಿಟ್ಟ ಡಾಕರ್‌ಫೈಲಿನಲ್ಲಿ ಫಾಂಟಿನ ಸಾಲಿನ ಮೇಲೆ ‘ತೆಗೆಯಬೇಡಿ’ ಎಂಬ ಸೂಚನೆಯೂ, ಅದರ ಕೆಳಗೆ ಏಕೆ ತೆಗೆಯಬಾರದೆಂಬುದಕ್ಕೆ ನಾಲ್ಕು ಸಾಲಿನ ವಿವರಣೆಯೂ ಇವೆ.

ಎರಡನೆಯದಾಗಿ ಶರಾವತಿಯು ಸದ್ದಿಲ್ಲದೆ ಹೋಯಿತು. ಮೂರನೆಯದಾಗಿ ಹೇಮಾವತಿ ಸಿದ್ಧವಾಗುತ್ತಿದೆ. ಅದರೊಳಗಿನ ಅಂಕಿಯ ವಿಳಾಸಗಳನ್ನು ಹುಡುಕಿ ತೆಗೆಯುವ ಕೆಲಸ ನಡೆದಿದೆ. ಅರ್ಕಾವತಿಗೆ ಮುಂದಿನ ಮಾರ್ಚಿನವರೆಗೆ ಅಭಯ. ಕಾವೇರಿಯ ಪ್ರಶ್ನೆಯನ್ನು ಒಂದು ಉಪಸಮಿತಿಗೆ ಒಪ್ಪಿಸಲಾಗಿದೆ. ನಿಜವಾದ ಕಾವೇರಿಗೆ 1990ರಲ್ಲಿ ರಚಿತವಾದ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದದ್ದು 2007ರಲ್ಲಿ. ನಮ್ಮ ಉಪಸಮಿತಿಯು ಅಷ್ಟು ಕಾಲ ತೆಗೆದುಕೊಳ್ಳಲಾರದೆಂದು ಮೇಲಿನವರು ಭರವಸೆಯಿಟ್ಟಿದ್ದಾರೆ. ಉಪಸಮಿತಿಯ ಅಧ್ಯಕ್ಷರು ಲೆಕ್ಕಪತ್ರ ವಿಭಾಗದ ಮೇಡಂ ಅವರು.