ಪರದೆ ನೇಯ್ದವನಿಗೆ ಪಟ್ಟ

2022ರ ಅಕ್ಟೋಬರ್ 25ರಂದು ನಮ್ಮ ಸೀಮೆಯ ಅಳಿಯನೊಬ್ಬ ಬ್ರಿಟನ್ನಿನ ಪ್ರಧಾನಿಯಾದ. ಹೆಂಡತಿ ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಅತ್ತೆ ಸುಧಾ ಮೂರ್ತಿಯವರ ಊರು ಶಿಗ್ಗಾವಿ. ಟಿವಿಯವರಿಗೆ ಇಷ್ಟು ಸಾಕಾಯಿತು, ‘ಕರ್ನಾಟಕದ ಅಳಿಯ’ ಎಂದು ಗಂಟಲು ಹರಿಯುವ ತನಕ ಕೂಗಿದರು. ನಮ್ಮೂರು ಇಳಕಲ್ಲಿನ ಚಹಾದಂಗಡಿಯಲ್ಲಿ “ಇನ್ನ ನಮ್ಮ ಸೀರಿ ಸೀದಾ ಲಂಡನ್ನಿಗೆ ಹೊಕ್ಕಾವ ನೋಡ್ರಿ” ಎಂದವರೂ ಇದ್ದರು. ಆ ಕುರ್ಚಿ ಹೇಗೆ ಖಾಲಿಯಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಋಷಿಮೂಲ ಕೆದಕಬಾರದು ಎನ್ನುತ್ತಾರೆ. ರಿಷಿ ಸುನಕ್ ವಿಷಯದಲ್ಲಿ ನಾವು ಅದನ್ನು ಅಕ್ಷರಶಃ ಪಾಲಿಸಿದೆವು.

ಕೆದಕಿದ್ದರೆ ಸಿಗುತ್ತಿದ್ದುದು ಒಂದು ಖೊಟ್ಟಿ ಲೆಕ್ಕ. ಹಿಂದಿನ ಪ್ರಧಾನಿ ಲಿಜ್ ಟ್ರಸ್ ಅವರ ಹಣಕಾಸು ಮಂತ್ರಿ ಸೆಪ್ಟೆಂಬರ್ 23ರಂದು ಮಿನಿ ಬಜೆಟ್ ಮಂಡಿಸಿ, ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಸಾರಿದರು. ದುಡ್ಡು ಎಲ್ಲಿಂದ ಬರುತ್ತದೆ ಎಂದರೆ, ಸಾಲದಿಂದ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂಬ ಚಾರ್ವಾಕನ ಮಾತಿಗೆ ಲಂಡನ್ನಿನಲ್ಲಿ ಶಾಖೆ ತೆರೆದಂತಾಯಿತು. ಪೌಂಡು ನೆಲ ಕಚ್ಚಿತು. ಪಿಂಚಣಿ ನಿಧಿಗಳು ಮುಳುಗುತ್ತವೆಂದು ಹೆದರಿ ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡಿನ ತನಕ ಸರ್ಕಾರಿ ಸಾಲಪತ್ರ ಕೊಳ್ಳಲು ನಿಂತಿತು. ಒಂದು ಪತ್ರಿಕೆ ಲೆಟ್ಯೂಸ್ ಸೊಪ್ಪಿನ ಗಡ್ಡೆಯನ್ನು ಕ್ಯಾಮೆರಾ ಮುಂದಿಟ್ಟು, ಮೊದಲು ಬಾಡುವುದು ಸೊಪ್ಪೋ ಪ್ರಧಾನಿಯೋ ಎಂದು ಕೇಳಿತು. ಗೆದ್ದದ್ದು ಸೊಪ್ಪು. ಒಟ್ಟು 49 ದಿನದ ಆ ಸಂಸಾರ ಮುರಿದ ಮೇಲೆ ನಮ್ಮ ಅಳಿಯನನ್ನು ಕರೆದರು, ಲೆಕ್ಕ ಬಲ್ಲವನು ಎಂದು.

ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಆ ಕುರ್ಚಿ ಹುಟ್ಟಿದ್ದೇ ದಿವಾಳಿ ಮನೆಯಲ್ಲಿ. 10 ಡೌನಿಂಗ್ ಸ್ಟ್ರೀಟಿನ ಬಾಗಿಲಲ್ಲಿ ಟಪಾಲು ಹಾಕುವ ಹಿತ್ತಾಳೆ ಕಿಂಡಿಯ ಮೇಲೆ ಇವತ್ತಿಗೂ ಪ್ರಧಾನಮಂತ್ರಿ ಎಂದು ಕೆತ್ತಿಲ್ಲ, ‘ಖಜಾನೆಯ ಮೊದಲ ಪ್ರಭು’ ಎಂದಿದೆ. ಯಜಮಾನನಿಗಿಂತ ತಿಜೋರಿಯ ಹೆಸರು ಮೊದಲು.

ಆ ದಿವಾಳಿಯ ಕತೆ ಇದು. ಸೌತ್ ಸೀ ಕಂಪನಿ ಎಂಬುದೊಂದು 1711ರಲ್ಲಿ ಹುಟ್ಟಿತು. ಅಮೆರಿಕ ಖಂಡದ ಸ್ಪೇನ್ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವ ಪರವಾನಗಿ ಅದರ ಕೈಗೆ ಬಂತು. ಆ ಪಾಪದ ವ್ಯಾಪಾರದಲ್ಲೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಅಸಲಿ ದಂಧೆ ಬೇರೆಯೇ ಇತ್ತು: ಸರ್ಕಾರದ ಸಾಲವನ್ನು ತನ್ನ ಮೈಮೇಲೆ ಹಾಕಿಕೊಂಡು, ಸಾಲಪತ್ರ ಹಿಡಿದವರಿಗೆ ತನ್ನ ಷೇರು ಕೊಡುವುದು. ಷೇರಿನ ಬೆಲೆ ಏರಿದಷ್ಟೂ ಕೊಡಬೇಕಾದ ಷೇರು ಕಡಿಮೆ. ಹೀಗಾಗಿ ಬೆಲೆ ಏರಿಸುವುದೇ ಕಂಪನಿಯ ಏಕೈಕ ಉತ್ಪಾದನೆಯಾಯಿತು. 1720ರ ಜನವರಿಯಲ್ಲಿ 128 ಪೌಂಡಿನ ಆಸುಪಾಸಿನಲ್ಲಿದ್ದ ಷೇರು ಬೇಸಿಗೆಯಲ್ಲಿ ಸಾವಿರದ ಹತ್ತಿರ ಹೋಯಿತು. ಮಂತ್ರಿಗಳು ಒಂದು ಕಾಸೂ ಕೊಡದೆ ಷೇರು ಬರೆಸಿಕೊಂಡರು. ಬೆಲೆ ಏರಿದ ಮೇಲೆ ಏರಿದಷ್ಟನ್ನು ಎಣಿಸಿಕೊಂಡು ಹೋಗುವುದಷ್ಟೇ ಅವರ ಕೆಲಸ. ಕಂಪನಿಯ ಗವರ್ನರ್ ಯಾರು ಅಂದಿರಿ? ಸಾಕ್ಷಾತ್ ದೊರೆ ಮೊದಲನೇ ಜಾರ್ಜ್. ಬೀಳುವುದಕ್ಕೆ ನಿಯಮ ಬರೆದ ಐಸಾಕ್ ನ್ಯೂಟನ್ ಕೂಡ ಏರುವುದನ್ನು ನಂಬಿ ಕೈ ಸುಟ್ಟುಕೊಂಡ.

ವರ್ಷ ಮುಗಿಯುವಷ್ಟರಲ್ಲಿ ಷೇರು ಹೊರಟಲ್ಲಿಗೇ ಬಂದು ಕೂತಿತು. ಪಾರ್ಲಿಮೆಂಟಿನಲ್ಲಿ ಕೋಲಾಹಲ. ಮೋಲ್ಸ್‌ವರ್ತ್ ಎಂಬ ಸದಸ್ಯ, ಕಂಪನಿಯ ನಿರ್ದೇಶಕರನ್ನು ಹಳೇ ರೋಮಿನ ಪದ್ಧತಿಯಂತೆ ಕೋತಿ, ಹಾವಿನ ಜೊತೆ ಚೀಲದಲ್ಲಿ ಹಾಕಿ ಹೊಲಿದು ನೀರಿಗೆ ಎಸೆಯಿರಿ ಎಂದ. (ಕೋತಿಯದೂ ಹಾವಿನದೂ ಏನು ತಪ್ಪೋ, ದಾಖಲೆಯಲ್ಲಿಲ್ಲ.) ಹಣಕಾಸು ಮಂತ್ರಿ ಐಸ್ಲಬಿ ಜೈಲಾಗಿದ್ದ ಟವರ್ ಕೋಟೆಗೆ ಹೋದ. ಇನ್ನೊಬ್ಬ ಮಂತ್ರಿ ಸ್ಟ್ಯಾನ್‌ಹೋಪ್ ಸದನದಲ್ಲಿ ರೇಗಾಡಿದ ಮರುದಿನವೇ ತೀರಿಕೊಂಡ, ಮತ್ತೊಬ್ಬನನ್ನು ಸಿಡುಬು ಒಯ್ದಿತು. ಕಂಪನಿಯ ಖಜಾಂಚಿ ನೈಟ್ ಯಾರ್‍ಯಾರಿಗೆ ಎಷ್ಟೆಷ್ಟು ಸಂದಿದೆ ಎಂದು ಬರೆದಿಟ್ಟ ಹಸಿರು ಪುಸ್ತಕದ ಸಮೇತ ಸಮುದ್ರ ದಾಟಿದ. ಆಳುವವರ ಸಾಲು ಹೀಗೆ ಖಾಲಿಯಾಗಿ ಉಳಿದವನು ರಾಬರ್ಟ್ ವಾಲ್‌ಪೋಲ್. ಇವನು 1712ರಲ್ಲೇ ಭ್ರಷ್ಟಾಚಾರದ ಆರೋಪದ ಮೇಲೆ ಅದೇ ಟವರ್ ಕೋಟೆಯಲ್ಲಿ ಇದ್ದು ಬಂದವನು, ಅಂದರೆ ಅನುಭವಸ್ಥ.

ವಾಲ್‌ಪೋಲ್ ಮಾಡಿದ್ದೇನು? ನಿರ್ದೇಶಕರ ಆಸ್ತಿ ಮುಟ್ಟುಗೋಲಿಗೆ ಬಿಟ್ಟ, ಅರಮನೆಯನ್ನೂ ಕೆಲವು ದೊಡ್ಡ ಮಂತ್ರಿಗಳನ್ನೂ ಉಳಿಸಿದ. ಜನ ಅವನಿಗೆ ಪರದೆಗಳ ಮಹಾದಂಡನಾಯಕ ಎಂಬರ್ಥದ ಅಡ್ಡಹೆಸರಿಟ್ಟರು. ದೊರೆ ಖಜಾನೆಯ ಬೀಗದ ಕೈ ಕೊಟ್ಟ. 1721ರ ಏಪ್ರಿಲ್‌ನಿಂದ 1742ರ ತನಕ ಹತ್ತಿರ ಹತ್ತಿರ 21 ವರ್ಷ ಅವನನ್ನು ಅಲುಗಿಸುವವರಿರಲಿಲ್ಲ. ಆಗ ಪ್ರಧಾನಮಂತ್ರಿ ಎನ್ನುವುದು ವಿರೋಧಿಗಳ ಬೈಗುಳ. ಅವನೇ ಅದನ್ನು ಒಪ್ಪುತ್ತಿರಲಿಲ್ಲ. ಆ ಬೈಗುಳವನ್ನೇ ಇವತ್ತು ನಾವೂ ಕೈ ಮುಗಿದು ಹೇಳುತ್ತೇವೆ.

ನಮ್ಮೂರಿನ ಚಿತ್ತರಗಿ ಮಠದ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಡ್ಡಿನ ಬದಲು ದುಶ್ಚಟ ಬೇಡುತ್ತಿದ್ದರು. ಸಾರಾಯಿ, ತಂಬಾಕು, ಗುಟ್ಕಾ ಎಲ್ಲ ಅದರೊಳಗೆ ಬಿದ್ದವು. ಆ ಜೋಳಿಗೆ 1721ರಲ್ಲಿ ಲಂಡನ್ನಿಗೆ ಹೋಗಿದ್ದರೆ ಮೋಲ್ಸ್‌ವರ್ತನ ಚೀಲ ಬೇಕಾಗುತ್ತಿರಲಿಲ್ಲ. ಆದರೆ ಮೊದಲ ಷೇರುಪತ್ರ ಅರಮನೆಯಿಂದಲೇ ಬೀಳಬೇಕಿತ್ತಲ್ಲ, ಆಗ ಬಾಗಿಲು ತೆಗೆಯುವವರು ಯಾರು?

ಚಹಾದಂಗಡಿಯಲ್ಲಿ ಲಂಡನ್ನಿನ ಕನಸು ಕಂಡವರಿಗೆ ಇನ್ನೊಂದು ವಿಷಯ. ದೇಶ ದಿವಾಳಿಯ ಅಂಚಿನಲ್ಲಿದ್ದ ಅದೇ 1721ರಲ್ಲಿ ಪಾರ್ಲಿಮೆಂಟಿಗೆ ಅರಿವೆಯ ಚಿಂತೆ ಮಾಡಲೂ ಪುರುಸೊತ್ತು ಸಿಕ್ಕಿತು. ಇಂಡಿಯಾದ ಬಣ್ಣದ, ಅಚ್ಚಿನ ಕ್ಯಾಲಿಕೊ ಬಟ್ಟೆ ಉಡಬಾರದೆಂದು ಕಾಯ್ದೆ ಬಂತು; ಉಟ್ಟವರಿಗೆ 5 ಪೌಂಡು ದಂಡ, ಮಾರಿದವರಿಗೆ 20. ಇಳಕಲ್ ಸೀರೆಯ ಮೇಲೇನೂ ಅಲ್ಲ, ಅದು ಕೋರಮಂಡಲ, ಗುಜರಾತು, ಬಂಗಾಳದ ಮಾಲು. ಎರಡು ವರ್ಷದ ಹಿಂದೆ ಸ್ಪಿಟಲ್‌ಫೀಲ್ಡ್ಸಿನ ನೇಕಾರರು ಬೀದಿಗಿಳಿದು ಕ್ಯಾಲಿಕೊ ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದಿದ್ದರು. ನೀಚ ಕೆಲಸ, ಅನುಮಾನವಿಲ್ಲ. ಆದರೆ ಫಲ ನೋಡಿ: ನೇಕಾರ ಗದ್ದಲ ಮಾಡಿದ, ಕಾಯ್ದೆ ಬಂತು, ಜಾರಿಯೂ ಆಯಿತು.

ನಮ್ಮ ನೇಕಾರ ಗದ್ದಲ ಮಾಡುವ ಪೈಕಿಯಲ್ಲ. ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಸೆರಗಿನ ಹಾಸನ್ನೂ ಮೈಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾನೆ. ಒಂದು ಕೊಂಡಿ ಬಿಟ್ಟರೆ ಡಾಗು. ಸಾಹುಕಾರ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ಮಜೂರಿ ಮುರಿಯುತ್ತಾನೆ. ಬಜೆಟ್ಟನ್ನು ಹೀಗೆ ಬೆಳಕಿಗೆ ಹಿಡಿದು ನೋಡುವ ಸಾಹುಕಾರ ಯಾವ ದೇಶದಲ್ಲೂ ಇಲ್ಲ. ನಮ್ಮ ನೇಕಾರನಿಗಾಗಿಯೂ ಒಂದು ಕಾಯ್ದೆ ಇದೆ, 1985ರದು: ಕೆಲವು ಮಾಲನ್ನು ಕೈಮಗ್ಗದಲ್ಲಷ್ಟೇ ನೇಯಬೇಕು, ಆ ಪಟ್ಟಿಯಲ್ಲಿ ಸೀರೆಯೂ ಇದೆ. ವಿದ್ಯುತ್ ಮಗ್ಗ ಆ ಪಟ್ಟಿಯನ್ನು ಓದಿಲ್ಲ, ಅಕ್ಷರ ಬರುವುದಿಲ್ಲ ಅದಕ್ಕೆ.

2020ರಲ್ಲಿ ಲಾಕ್‌ಡೌನ್ ಬಂದು ನೂಲಿಲ್ಲ, ಗಿರಾಕಿ ಇಲ್ಲ, ಲಾಳಿ ಸುಮ್ಮನಾಯಿತು. 1721ರಲ್ಲಿ ಬಿಕ್ಕಟ್ಟು ಬಂದಾಗ ಬ್ರಿಟನ್ನಿನವರು ಹೊಸ ಹುದ್ದೆಯನ್ನೇ ಹುಟ್ಟಿಸಿದರು. ನಾವು ಇದ್ದದ್ದನ್ನು ತೆಗೆದೆವು. ಜುಲೈ 27ರಂದು ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. ನೇಕಾರರಿಗೆ ದಿಲ್ಲಿಯಲ್ಲಿ ಕೂತು ಮಾತಾಡಲು ಇದ್ದ ಒಂದು ಚಾಪೆ ಅದು. ಹನ್ನೊಂದು ದಿನ ಕಳೆದು ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನ ಎಂದಿನಂತೆ ಬಂತು, ಶುಭಾಶಯಗಳ ಸಮೇತ. ರಾಜ್ಯ ಸರ್ಕಾರ ‘ನೇಕಾರ ಸಮ್ಮಾನ್’ ಎಂದು ವರ್ಷಕ್ಕೆ 2,000 ರೂಪಾಯಿ ಕೊಟ್ಟಿತು, ಮುಂದೆ ಅದು 5,000 ಆಯಿತು. ಇಷ್ಟಕ್ಕೆ ಸಮ್ಮಾನ ಎಂಬ ಹೆಸರಿಟ್ಟವನನ್ನು ಒಮ್ಮೆ ನೋಡಬೇಕು. ಅವನ ಕೈಯಲ್ಲೂ ಪರದೆ ನೇಯುವ ಕಸುಬಿದೆ.

ಅಳಿಯ 2024ರ ಮೇ ತಿಂಗಳಲ್ಲಿ ಮಳೆಯಲ್ಲಿ ನೆನೆಯುತ್ತಾ ಚುನಾವಣೆ ಘೋಷಿಸಿ, ಜುಲೈನಲ್ಲಿ ಸೋತು ಮನೆಗೆ ಹೋದ. ಬಂದ ಹೊಸ ಸರ್ಕಾರ ಮೊದಲು ಮಾಡಿದ ಕೆಲಸಗಳಲ್ಲೊಂದು, ಹಿಂದಿನವರು 2,200 ಕೋಟಿ ಪೌಂಡಿನ ಗುಂಡಿ ಬಿಟ್ಟು ಹೋಗಿದ್ದಾರೆ ಎಂದು ಸಾರಿದ್ದು. ಬೀಗದ ಕೈ ಮತ್ತೆ ಕೈ ಬದಲಾಯಿಸಿತು.

ಈ ಕತೆಯನ್ನೆಲ್ಲ ಮೊನ್ನೆ ಪೇಟೆಯಲ್ಲಿ ಸಿಕ್ಕ ಹಿರಿಯ ನೇಕಾರರೊಬ್ಬರಿಗೆ ಹೇಳಿದೆ. ದೊರೆ, ಷೇರು, ಮಿನಿ ಬಜೆಟ್ಟು, ಯಾವುದಕ್ಕೂ ಅವರು ಹೂಂ ಅನ್ನಲಿಲ್ಲ. ವಾಲ್‌ಪೋಲನ ಪರದೆಯ ಮಾತು ಬಂದಾಗ ಮಾತ್ರ ಕಿವಿ ನಿಮಿರಿತು.

“ಹೌದ್ರಿ ಸರ, ಹಂತಾ ಪರದೆ ಏಸು ಗಜಾ ಬೇಕಾಗ್ತದ್ರಿ? ಬೆಂಗಳೂರು, ದಿಲ್ಲಿ ಕಡಿಂದ ಆರ್ಡರ್ ಇದ್ರ ಹೇಳ್ರಿ, ಮಗ್ಗ ಖಾಲಿನ ಅದಾವ. ಅಡ್ವಾನ್ಸ್ ಮಾತ್ರ ಮದ್ಲ ಕೊಡಿಸ್ರಿ. ಆ ಮಂದಿ ಮಾಲ್ ಒಯ್ದ ಮ್ಯಾಲ ರೊಕ್ಕಾ ಕೊಡೂದಿಲ್ರಿ.”