ಬಾರ್ಸಿಲೋನಾದ ಮಾಣಿ

ನಿನ್ನೆ ರಾತ್ರಿ ನಿಮ್ಮನೇಲಿ ಅದೇನು ಅಷ್ಟು ನಗು ಅಂತ ಪಕ್ಕದ ಮನೆ ರಾಯರು ಬೆಳಿಗ್ಗೆ ದಾಸವಾಳ ಕೀಳುತ್ತಾ ಬೇಲಿಯಾಚೆಯಿಂದ ಕೇಳಿದರು. ಏನಿಲ್ಲ ರಾಯರೇ, ಅಟ್ಟದ ಮೇಲಿದ್ದ ಡಿವಿಡಿ ಪ್ಲೇಯರ್ ಕೆಳಗಿಳಿಸಿ, ಧೂಳು ಕೊಡವಿ, ಬಿಬಿಸಿಯ ಹಳೇ ಹಾಸ್ಯ ಸರಣಿ ಫಾಲ್ಟಿ ಟವರ್ಸ್ ಹಾಕಿದ್ದೆವು. ಮೊದಮೊದಲು ಅದರ ತಟ್ಟೆ ಹೊರಗೇ ಬರಲಿಲ್ಲ. ಅಂಗೈಯಲ್ಲಿ ಮೆಲ್ಲಗೆ ಎರಡು ತಟ್ಟಿದ ಮೇಲೆ ಮುದಿ ಎತ್ತಿನ ಹಾಗೆ ಮುಲುಗಿ ಬಾಯಿ ತೆರೆಯಿತು. ಒಂದು ಕಂತು ನೋಡೋಣ ಅಂತ ಕೂತವರು ಮೂರು ಮುಗಿಸಿಯೇ ಎದ್ದೆವು. ನಗು ಬೇಲಿ ದಾಟಿದ್ದು ಆಗಲೇ ಇರಬೇಕು.

ಇರೋದು ಹನ್ನೆರಡೇ ಕಂತು, ಅಲ್ವಾ? 1975ರಲ್ಲಿ ಆರು, 1979ರಲ್ಲಿ ಆರು, ಅಲ್ಲಿಗೆ ಮುಗೀತು. ನೂರಾರು ಕಂತು ಎಳೆದವರೆಲ್ಲ ಮರೆತು ಹೋದರು. 2000ನೇ ಇಸವಿಯಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಅಲ್ಲಿನ ನೂರು ಶ್ರೇಷ್ಠ ಟಿವಿ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಮೊದಲ ಜಾಗದಲ್ಲಿ ಬಂದು ಕೂತಿದ್ದು ಈ ಹನ್ನೆರಡು ಕಂತು. ಟಿವಿಯಲ್ಲಿ ಬರುವಾಗ ನಮ್ಮ ಕಣ್ಣೆಲ್ಲ ಹೋಟೆಲಿನ ಯಜಮಾನ ಬ್ಯಾಸಿಲ್ ಮೇಲೇ. ಆ ಉದ್ದ ಕಾಲಿನ ಜಾನ್ ಕ್ಲೀಸ್ ತೆರೆ ತುಂಬ ಎಗರಾಡುತ್ತಿರುವಾಗ ಬೇರೆ ಕಡೆ ದೃಷ್ಟಿ ಹೋಗುವುದಾದರೂ ಹೇಗೆ? ಡಿಸ್ಕಿನಲ್ಲಿ ಹಾಗಲ್ಲ. ನಿಲ್ಲಿಸಬಹುದು, ಹಿಂದೆ ಹೋಗಬಹುದು, ಮೂಲೆಯಲ್ಲಿ ನಿಂತವರು ಏನು ಮಾಡುತ್ತಿದ್ದಾರೆ ಅಂತ ನಿಧಾನವಾಗಿ ನೋಡಬಹುದು. ಈ ಸಲ ನಾನು ನೋಡಿದ್ದು ಮೂಲೆಯವರನ್ನೇ. ಅದರಲ್ಲೂ ಮಾಣಿಯನ್ನು. ಹೆಸರು ಮ್ಯಾನುಯೆಲ್, ಊರು ಬಾರ್ಸಿಲೋನಾ. ನಮ್ಮನೇಲಿ ಅವನಿಗೆ ಮಾಣಿ ಅಂತಲೇ ಹೆಸರು.

ಮಾಣಿಯ ವಿಷಯಕ್ಕೆ ಬರೋ ಮೊದಲು ಆ ಬೋರ್ಡಿನ ಕತೆ ಕೇಳಿ. ಶುರುವಿನಲ್ಲಿ ಹೋಟೆಲಿನ ಮುಂದೆ ಒಂದು ನಾಮಫಲಕ ತೋರಿಸುತ್ತಾರಲ್ಲ, ಅದರ ಅಕ್ಷರಗಳು ಪ್ರತಿ ಸಲವೂ ಕೆಟ್ಟಿರುತ್ತವೆ. ಒಂದು ಕಡೆ ಅಕ್ಷರ ಜೋತು ಬಿದ್ದಿರುತ್ತದೆ, ಇನ್ನೊಂದು ಕಡೆ ಉದುರಿಯೇ ಹೋಗಿರುತ್ತದೆ. ಎರಡನೇ ಸರಣಿಗೆ ಬಂದರಂತೂ ಅದೇ ಅಕ್ಷರಗಳು ಅದಲುಬದಲಾಗಿ ‘ವಾಟರಿ ಫೌಲ್ಸ್’ ಆಗುತ್ತದೆ, ‘ಫಾರ್ಟಿ ಟವೆಲ್ಸ್’ ಆಗುತ್ತದೆ. ಇದನ್ನೆಲ್ಲ ಮಾಡೋದು ಯಾರು ಅನ್ನೋದೂ ಒಂದು ಕಂತಿನಲ್ಲಿ ಸಿಕ್ಕಿಬಿಡುತ್ತದೆ: ಪೇಪರ್ ಹಾಕೋ ಹುಡುಗ! ಜರ್ಮನ್ನರ ಕಂತಿನಲ್ಲಿ ಮಾತ್ರ ಬೋರ್ಡೂ ಇಲ್ಲ, ಹೋಟೆಲೂ ಇಲ್ಲ, ಆಸ್ಪತ್ರೆಯೊಂದರ ಕಟ್ಟಡ ತೋರಿಸುತ್ತಾರೆ. ಬ್ಯಾಸಿಲ್‌ನ ಹೆಂಡತಿ ಸಿಬಿಲ್ ಉಗುರಿನ ಶಸ್ತ್ರಚಿಕಿತ್ಸೆಗೆ ಅಲ್ಲಿ ಸೇರಿರುತ್ತಾಳಲ್ಲ, ಅದಕ್ಕೆ. ಇಷ್ಟು ವರ್ಷ ನೋಡಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ನೋಡಿ.

ಇನ್ನು ಕತೆಯ ಜೀವ ಇರೋದೆಲ್ಲಿ ಅಂತೀರಿ? ಒಂದು ಸಣ್ಣ ಸುಳ್ಳಿನಲ್ಲಿ. ಬ್ಯಾಸಿಲ್ ಮೊದಲು ಹೇಳೋದು ಸಾಸಿವೆ ಕಾಳಿನಷ್ಟು ಸುಳ್ಳು. ಅದನ್ನು ಉಳಿಸಿಕೊಳ್ಳಲು ಇನ್ನೊಂದು, ಅದಕ್ಕೆ ಆಸರೆಯಾಗಿ ಮತ್ತೊಂದು. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಹೋಟೆಲಿಗೆ ಹೋಟೆಲೇ ಆ ಸುಳ್ಳಿನೊಳಗೆ ಕೂತಿರುತ್ತದೆ.

ಇದನ್ನು ನೋಡುವಾಗೆಲ್ಲ ನನಗೆ ನಮ್ಮ ದೊಡ್ಡಪ್ಪನ ಹೋಟೆಲು ನೆನಪಾಗುತ್ತದೆ. ಎಂಟೇ ಮೇಜಿನ ಹೋಟೆಲು. ಒಂದು ಶನಿವಾರ ಸಂಜೆ ಗಿರಾಕಿಯೊಬ್ಬರು ಬಂದು ಕೂತು ಉದ್ದಿನವಡೆ ಕೇಳಿದರು. ವಡೆ ಮುಗಿದು ಅರ್ಧ ಗಂಟೆಯಾಗಿತ್ತು. ಇಲ್ಲ ಅಂದರೆ ಎದ್ದು ಎದುರಿನ ಹೋಟೆಲಿಗೆ ಹೋಗಿಬಿಡುತ್ತಾರಲ್ಲ ಅಂತ ದೊಡ್ಡಪ್ಪ ಗಲ್ಲಾದ ಮೇಲಿಂದಲೇ ‘ಬಾಣಲೆಯಲ್ಲಿದೆ, ಐದೇ ನಿಮಿಷ’ ಅಂದುಬಿಟ್ಟರು. ಒಲೆಯ ಮೇಲೆ ಬಾಣಲೆಯೇ ಇರಲಿಲ್ಲ! ಮಾಣಿಗೆ ಕಣ್ಸನ್ನೆ ಹೋಯಿತು. ಅವನು ಹಿತ್ತಲ ಬಾಗಿಲಿನಿಂದ ಓಡಿ, ಗಲ್ಲಿ ಸುತ್ತಿ, ಎದುರಿನ ಹೋಟೆಲಿನಿಂದಲೇ ನಾಲ್ಕು ವಡೆ ಕಟ್ಟಿಸಿಕೊಂಡು ಬಂದು, ನಮ್ಮ ತಟ್ಟೆಗೆ ನಮ್ಮ ಚಟ್ನಿ ಹಾಕಿ ತಂದಿಟ್ಟ. ಗಿರಾಕಿ ತಿಂದು ಬೆರಳು ನೆಕ್ಕಿಕೊಂಡು, ‘ಈ ಹದ ಎದುರಿನವರಿಗೆ ಬರಲ್ಲ ಬಿಡಿ’ ಅಂದರು. ಮಾಣಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದವನು ಗೋಡೆ ಕಡೆ ತಿರುಗಿಬಿಟ್ಟ. ಅವನ ಬೆನ್ನು ಅಲುಗುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

‘ಗೋರ್ಮೆ ನೈಟ್’ ಕಂತಿನ ಬಾತುಕೋಳಿ ಥೇಟ್ ಇದೇ, ಅಲ್ವಾ? ಊರಿನ ದೊಡ್ಡ ಮನುಷ್ಯರನ್ನು ಊಟಕ್ಕೆ ಕರೆದಾಗಿದೆ, ಅಡುಗೆಯವನು ಕುಡಿದು ಬಿದ್ದಿದ್ದಾನೆ, ಅಡುಗೆ ಬೇರೆ ರೆಸ್ಟೋರೆಂಟಿನಿಂದ ಬರಬೇಕು. ದೊಡ್ಡಪ್ಪನ ಮಾಣಿಗೆ ಗಟ್ಟಿ ಕಾಲಿತ್ತು. ಬ್ಯಾಸಿಲ್‌ಗೆ ಇದ್ದದ್ದು ಕೆಂಪು ಆಸ್ಟಿನ್ 1100 ಕಾರು. ಅದು ನಡುದಾರಿಯಲ್ಲಿ ನಿಂತಾಗ ಅವನು ಅದಕ್ಕೆ ಎಚ್ಚರಿಕೆ ಕೊಡುತ್ತಾನೆ, ಮೂರು ಎಣಿಸುತ್ತಾನೆ, ಇಳಿದು ಎಲ್ಲೋ ಓಡಿ ಹೋಗುತ್ತಾನೆ. ತೆರೆಯ ಮೇಲೆ ಕಾರು ಒಂಟಿಯಾಗಿ ಸುಮ್ಮನೆ ನಿಂತಿರುತ್ತದೆ. ಆ ಖಾಲಿ ಗಳಿಗೆಯಲ್ಲೇ ನಮಗೆ ನಗು ಶುರುವಾಗಿರುತ್ತದೆ. ಆಮೇಲೆ ಮರದ ಕೊಂಬೆ ಹಿಡಿದು ಬಂದವನೇ, ಮಾತು ಕೇಳದ ಮಗನಿಗೆ ಬಾರಿಸುವ ಹಾಗೆ ಕಾರಿಗೆ ಬಾರಿಸುತ್ತಾನೆ. ಆ ಕೊಂಬೆ ಬಹಳ ಬಳುಕಿದರೂ ನಗು ಬರಲ್ಲ, ಬಳುಕದಿದ್ದರೂ ಬರಲ್ಲ ಅಂತ ಹದವಾದದ್ದನ್ನು ಹುಡುಕಿದ್ದರಂತೆ. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಪ್ರತಿ ಏಟಿಗೂ ತುದಿ ಒಂದು ಗೇಣು ತಡವಾಗಿ ಬಗ್ಗುತ್ತದೆ. ನಗು ಇರೋದು ಆ ಒಂದು ಗೇಣಿನಲ್ಲಿ.

ಇಷ್ಟು ಕಾಳಜಿ ಸುಮ್ಮನೆ ಬರಲ್ಲ. ಬರೆದವರು ಕ್ಲೀಸ್ ಮತ್ತು ಹೋಟೆಲಿನ ಕೆಲಸದ ಹುಡುಗಿ ಪಾಲಿಯ ಪಾತ್ರ ಮಾಡಿದ ಕಾನಿ ಬೂತ್, ಆಗ ಗಂಡ ಹೆಂಡತಿ. ಒಂದು ಅರ್ಧ ಗಂಟೆಯ ಕಂತಿಗೆ ಸುಮಾರು ಆರು ವಾರ ಕೂತು ಬರೆಯುತ್ತಿದ್ದರಂತೆ. ಎರಡನೇ ಸರಣಿ ಬರುವಷ್ಟರಲ್ಲಿ ಇಬ್ಬರೂ ಬೇರೆಯಾಗಿದ್ದರು. ಆದರೂ ಬರವಣಿಗೆಯಲ್ಲಿ ಒಂದು ಹೊಲಿಗೆಯೂ ಬಿಟ್ಟಿಲ್ಲ. ನನ್ನ ಕೇಳಿದರೆ ಎರಡನೇ ಆರೇ ಒಂದು ತೂಕ ಹೆಚ್ಚು. ಕಾನಿ ಬೂತ್ ಆಮೇಲೆ ನಟನೆಯನ್ನೇ ಬಿಟ್ಟು ಮನೋಚಿಕಿತ್ಸಕಿಯಾದರು. ಎಲ್ಲರೂ ಕ್ಲೀಸ್ ಕ್ಲೀಸ್ ಅಂತಾರೆ, ಆಕೆಯ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಕ್ಲೀಸ್‌ಗೆ ಈ ಕತೆ ಸಿಕ್ಕಿದ್ದೂ ಹೋಟೆಲಿನಲ್ಲೇ. 1970ರಲ್ಲಿ ಅವರಿದ್ದ ಮಾಂಟಿ ಪೈಥಾನ್ ಹಾಸ್ಯ ತಂಡದವರು ಶೂಟಿಂಗಿಗೆ ಹೋದವರು ಇಂಗ್ಲೆಂಡಿನ ಟಾರ್ಕಿ ಊರಿನ ಗ್ಲೆನೀಗಲ್ಸ್ ಹೋಟೆಲಿನಲ್ಲಿ ಇಳಿದುಕೊಂಡಿದ್ದರು. ನೌಕಾಪಡೆಯಲ್ಲಿದ್ದು ಬಂದ ಡೊನಾಲ್ಡ್ ಸಿಂಕ್ಲೇರ್ ಅಲ್ಲಿನ ಯಜಮಾನ. ಅಮೆರಿಕದ ಟೆರಿ ಗಿಲಿಯಮ್ ಫೋರ್ಕ್ ಹಿಡಿದ ರೀತಿ ಆತನಿಗೆ ಸರಿಬರಲಿಲ್ಲ. ಎರಿಕ್ ಐಡಲ್‌ರ ಚೀಲದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದ ಅಲಾರಂ ಗಡಿಯಾರವನ್ನು ಬಾಂಬ್ ಇದ್ದೀತು ಅಂತ ಚೀಲದ ಸಮೇತ ಹೊರಗೆ ಗೋಡೆಯ ಹಿಂದೆ ಇಡಿಸಿದರಂತೆ! ಉಳಿದವರು ಬೇಡಪ್ಪ ಈ ಸಹವಾಸ ಅಂತ ಬೇರೆ ಹೋಟೆಲಿಗೆ ಹೋದರು. ಕ್ಲೀಸ್ ಮಾತ್ರ ಅಲ್ಲೇ ಉಳಿದರು. ಮುಂದೆ ಆ ಯಜಮಾನರ ಹೆಂಡತಿ, ನಮ್ಮವರು ಅಂಥವರಲ್ಲ ಅಂತ ನೊಂದುಕೊಂಡಿದ್ದರು. ಅದೂ ನ್ಯಾಯವೇ. ಮನೆಯವರಿಗೆ ಗೊತ್ತಿರೋ ಮನುಷ್ಯನೇ ಬೇರೆ, ಗಲ್ಲಾದ ಹಿಂದೆ ಕಾಣೋ ಮನುಷ್ಯನೇ ಬೇರೆ, ಅಲ್ವಾ?

ಸರಿ, ಮಾಣಿಯ ವಿಷಯಕ್ಕೆ ಬಂದೆ. ಜರ್ಮನ್ನರ ಕಂತಿನಲ್ಲಿ ಕೌಂಟರಿನ ಮೇಲೆ ಮೂಸ್ ಪ್ರಾಣಿಯ ದೊಡ್ಡ ತಲೆ ಇಟ್ಟಿರುತ್ತಾರಲ್ಲ. ಮಾಣಿ ಕೌಂಟರಿನ ಹಿಂದೆ ಬಗ್ಗಿಕೊಂಡು ಕೆಲಸ ಮಾಡುತ್ತಾ, ತಾನು ಕಲಿತ ಇಂಗ್ಲಿಷನ್ನು ತನಗೆ ತಾನೇ ಒಪ್ಪಿಸಿಕೊಳ್ಳುತ್ತಿದ್ದಾನೆ. ಆಗ ಹೋಟೆಲಿನಲ್ಲೇ ವಾಸವಿರುವ ಮುದುಕ ಮೇಜರ್ ಬರುತ್ತಾರೆ. ಅವರಿಗೆ ಕಾಣೋದು ಮೂಸ್ ಮಾತ್ರ. ಅದು ನಾನು ಇಂಗ್ಲಿಷ್ ಮಾತಾಡಬಲ್ಲೆ, ಪುಸ್ತಕದಿಂದ ಕಲಿತೆ ಅನ್ನುತ್ತಿದೆ. ಮೇಜರ್ ಮರ್ಯಾದೆಯಿಂದ ನಿಂತು ಅದರ ಹತ್ತಿರ ಮಾತಿಗಿಳಿಯುತ್ತಾರೆ! ನಮ್ಮವಳು ಇಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಹಿಂದೆ ಹೋಗಿ ಮಾಣಿಯ ದನಿಯನ್ನಷ್ಟೇ ಕೇಳಿದೆ. ಹೊಸ ಭಾಷೆಯ ಒಂದೊಂದು ಶಬ್ದವನ್ನೂ ಅವನು ನೋಟಿನ ಹಾಗೆ ಎಣಿಸಿ ಇಡುತ್ತಾನೆ, ಒಂದೂ ಕಡಿಮೆ ಬೀಳಬಾರದು ಅಂತ. ಪರಊರಿನಲ್ಲಿ ದುಡಿದವರಿಗೆ ಆ ದನಿ ಗೊತ್ತು.

ಆ ಪಾತ್ರ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಹುಟ್ಟಿದ್ದು 1930ರಲ್ಲಿ, ಬರ್ಲಿನ್‌ನಲ್ಲಿ. ತಂದೆ ಯಹೂದಿ. ನಾಟ್ಸಿಗಳ ಕಾಟಕ್ಕೆ 1938ರಲ್ಲಿ ಮನೆಮಂದಿ ಲಂಡನ್ನಿಗೆ ಬಂದರು. ಹಿಟ್ಲರನ ಹಾಗೆ ಬ್ಯಾಸಿಲ್ ಕಾಲೆತ್ತಿ ನಡೆಯುವ ಆ ಕಂತಿನಲ್ಲಿ, ನಿಜವಾಗಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಮನುಷ್ಯ ಮಾಣಿಯ ಬಿಳಿ ಕೋಟು ಹಾಕಿಕೊಂಡು ತಿರುಗುತ್ತಿದ್ದಾರೆ. ಹೊಗೆ ಬರಲಿ ಅಂತ ಆ ಕೋಟಿಗೆ ಹಚ್ಚಿದ ರಾಸಾಯನಿಕದಿಂದ ಅವರ ತೋಳು ನಿಜವಾಗಿಯೇ ಸುಟ್ಟಿತ್ತು. ಇದು ತಿಳಿದ ಮೇಲೆ ಆ ಕಂತನ್ನು ಮೊದಲಿನ ಹಾಗೆ ನೋಡೋಕಾಗಲ್ಲ, ನಗುವುದನ್ನಂತೂ ನಿಲ್ಲಿಸೋಕೂ ಆಗಲ್ಲ. ಸ್ಪೇನಿನವರು ಡಬ್ ಮಾಡಿಕೊಂಡಾಗ ಅವನನ್ನು ಇಟಲಿಯವನನ್ನಾಗಿ ಮಾಡಿಬಿಟ್ಟರಂತೆ, ನೋಡಿ!

ಅದೇ ಕಂತಿನಲ್ಲಿ ಮೇಜರ್ ತಮ್ಮ ಹರೆಯದ ಕತೆ ಹೇಳುತ್ತಾರೆ, ಹೆಂಗಸೊಬ್ಬಳನ್ನು ಭಾರತದ ಕ್ರಿಕೆಟ್ ನೋಡಲು ಓವಲ್‌ಗೆ ಕರೆದುಕೊಂಡು ಹೋದದ್ದು. ಅದರಲ್ಲಿ ನಮ್ಮವರ ಬಗ್ಗೆ, ವೆಸ್ಟ್ ಇಂಡೀಸಿನವರ ಬಗ್ಗೆ ಕೊಳಕು ಶಬ್ದ ಬರುತ್ತವೆ. 2013ರಲ್ಲಿ ಮರುಪ್ರಸಾರ ಮಾಡುವಾಗ ಬಿಬಿಸಿ ಅವನ್ನು ಕತ್ತರಿಸಿತು. ನನ್ನ ಡಿಸ್ಕಿನಲ್ಲಿ ಹಾಗೇ ಇವೆ. ಕಿವಿಗೆ ಚುಚ್ಚುತ್ತವೆ, ಸುಳ್ಳು ಯಾಕೆ ಹೇಳಲಿ. ಆದರೆ ಕತ್ತರಿಸಬಾರದಿತ್ತು. ಆ ಕಾಲದ ಅಂಥ ಮುದುಕರ ತಲೆಯಲ್ಲಿ ಏನಿತ್ತು ಅನ್ನೋದು ಅಲ್ಲೇ ಇರಲಿ, ನೋಡಿದವರು ನೋಡಲಿ. ಓವಲ್ ಅಂದ ಕೂಡಲೇ ರಾಯರ ಮುಖ ಅರಳಿತು. ಅರಳದೇ ಇರುತ್ತಾ? 1971ರ ಆಗಸ್ಟ್, ಗಣೇಶನ ಹಬ್ಬದ ದಿನ, ಅಲ್ಲೇ ಅಲ್ವಾ ಇಂಗ್ಲೆಂಡ್ ನೆಲದಲ್ಲಿ ನಾವು ಮೊದಲ ಟೆಸ್ಟ್ ಗೆದ್ದದ್ದು? ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಅವರನ್ನು 101ಕ್ಕೆ ಮುಗಿಸಿದ್ದು? ಮೃಗಾಲಯದಿಂದ ಬೆಲ್ಲಾ ಅನ್ನೋ ಆನೆಯನ್ನೇ ಮೈದಾನಕ್ಕೆ ತಂದಿದ್ದರಂತಲ್ಲ. ರಾಯರು ದಾಸವಾಳದ ಬುಟ್ಟಿ ಬೇಲಿಗೂಟಕ್ಕೆ ಸಿಕ್ಕಿಸಿ, ವಿಶ್ವನಾಥ್ ಆಟದ ವಿಷಯಕ್ಕೇ ಹೊರಟುಬಿಟ್ಟರು. ಅಲ್ಲಿಂದ ಟಾರ್ಕಿಗೆ ವಾಪಸು ಕರೆತರುವಷ್ಟರಲ್ಲಿ ಕಾಫಿ ಎರಡನೇ ಸಲ ಬಂತು.

ಸಿಬಿಲ್‌ಳನ್ನು ಮರೆಯೋ ಹಾಗಿಲ್ಲ. ಫೋನ್ ಹಿಡಿದು ‘ಗೊತ್ತು, ನಂಗೊತ್ತು’ ಅಂತ ರಾಗ ಎಳೆಯೋ ಪ್ರುನೆಲಾ ಸ್ಕೇಲ್ಸ್. ಆಕೆಗೆ ಮರೆವಿನ ಕಾಯಿಲೆ ಬಂದ ಮೇಲೂ ಗಂಡ ತಿಮತಿ ವೆಸ್ಟ್ ಜೊತೆ ದೋಣಿಯಲ್ಲಿ ಕಾಲುವೆಗಳ ಪ್ರವಾಸ ಮಾಡಿದ ಕಾರ್ಯಕ್ರಮ ಬಂದಿತ್ತಲ್ಲ. 2024ರಲ್ಲಿ ವೆಸ್ಟ್ ಹೋದರು, ಮರುವರ್ಷ ಆಕೆಯೂ ಹೋದರು. ಡಿಸ್ಕಿನಲ್ಲಿ ಮಾತ್ರ ಒಂದು ಮಾತೂ ಮರೆಯದೆ ಬ್ಯಾಸಿಲ್‌ನ ಲೆಕ್ಕವನ್ನೆಲ್ಲ ಚುಕ್ತಾ ಮಾಡುತ್ತಿರುತ್ತಾರೆ.

ನಿನ್ನೆ ನೋಡಿದ ಮೂರನೆಯದು ಕಿವುಡಿ ಮಿಸೆಸ್ ರಿಚರ್ಡ್ಸ್ ಕಂತು. ಬ್ಯಾಸಿಲ್ ಹೆಂಡತಿಗೆ ತಿಳಿಯದಂತೆ ಕುದುರೆ ಜೂಜಿನಲ್ಲಿ ದುಡ್ಡು ಗೆದ್ದು, ಕುದುರೆ ವಿಷಯ ನಿನಗೇನೂ ಗೊತ್ತಿಲ್ಲ ಅಂತ ಮಾಣಿಗೆ ಪಾಠ ಹೇಳಿಕೊಟ್ಟಿರುತ್ತಾನೆ. ಆಮೇಲೆ ಆ ದುಡ್ಡು ತನ್ನದೇ ಅಂತ ಸಾಕ್ಷಿ ಬೇಕಾಗುತ್ತದೆ. ಹೇಳಪ್ಪ, ಹೇಳು ಅಂತ ಮಾಣಿಯನ್ನು ಮುಂದೆ ನಿಲ್ಲಿಸುತ್ತಾನೆ. ಮಾಣಿ ಎದೆ ಸೆಟೆಸಿ, ನನಗೇನೂ ಗೊತ್ತಿಲ್ಲ ಅನ್ನುತ್ತಾನೆ. ಆ ಕ್ಷಣ ಸ್ಯಾಕ್ಸ್ ಮುಖ ನಿಲ್ಲಿಸಿ ನೋಡಿ ರಾಯರೇ. ಯಜಮಾನ ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿದೆ ಅನ್ನೋ ಹೆಮ್ಮೆ ಇದೆಯಲ್ಲ, ಅದು ಕಣ್ಣಲ್ಲೇ ಕೂತಿದೆ. ಅಷ್ಟು ಸುಳ್ಳಿನ ಹೋಟೆಲಿನಲ್ಲಿ ನಂಬಿಕೆಯಿಂದ ಕೆಲಸ ಮಾಡುವವನು ಅವನೊಬ್ಬ.

ಹೊರಗಿನಿಂದ ಹೋಟೆಲಾಗಿ ತೋರಿಸಿದ ಬಕಿಂಗ್‌ಹ್ಯಾಮ್‌ಶೈರಿನ ಕಟ್ಟಡ 1991ರಲ್ಲಿ ಸುಟ್ಟುಹೋಯಿತು. ಗ್ಲೆನೀಗಲ್ಸ್ ಹೋಟೆಲನ್ನೂ ಕೆಡವಿದರು. 2016ರಲ್ಲಿ ಸ್ಯಾಕ್ಸ್ ತೀರಿಕೊಂಡರು. ಗ್ಲೆನೀಗಲ್ಸ್ ಇದ್ದ ಜಾಗದಲ್ಲಿ ಈಗ ವಯಸ್ಸಾದವರ ಫ್ಲ್ಯಾಟುಗಳಿವೆ, ಆ ಕಟ್ಟಡದ ಹೆಸರು ಏನು ಗೊತ್ತಾ? ಸ್ಯಾಕ್ಸ್ ಲಾಡ್ಜ್. ಮಾಣಿಯ ಹೆಸರಿನಲ್ಲಿ!

ರಾಯರು ಒಂದು ಗಳಿಗೆ ಸುಮ್ಮನಿದ್ದು, ‘ನಿಮ್ಮ ದೊಡ್ಡಪ್ಪನ ಆ ಮಾಣಿ ಆಮೇಲೆ ಏನಾದ?’ ಅಂತ ಕೇಳಿದರು. ಈಗ ಅವನದೇ ಹೋಟೆಲಿದೆ, ಮಗ ಗಲ್ಲಾದಲ್ಲಿ ಕೂರುತ್ತಾನೆ, ವಡೆ ಇವತ್ತಿಗೂ ಐದು ಗಂಟೆಗೇ ಖಾಲಿ ಅಂದೆ.

ಇಲಿಯ ಕಂತು ಇನ್ನೂ ಬಾಕಿ ಇದೆ. ಮಾಣಿ ಇಲಿಯನ್ನು ಸೈಬೀರಿಯಾದ ಹ್ಯಾಮ್‌ಸ್ಟರ್ ಅಂತ ನಂಬಿ ಸಾಕಿಕೊಂಡಿರುತ್ತಾನಲ್ಲ, ಅದು. ರಾತ್ರಿ ಊಟ ಮುಗಿಸಿಕೊಂಡು ಬನ್ನಿ ರಾಯರೇ, ಅತ್ತಿಗೆಯವರನ್ನೂ ಕರ್ಕೊಂಡು ಬನ್ನಿ.